ಹಿಂದಕ್ಕೂ ತಿರುಗುವ ಗಾಲಿ

ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಹೋಗುವವರ ಪಕ್ಕದಲ್ಲಿ ನೀವು ಎಂದಾದರೂ ನಡೆದಿದ್ದರೆ, ಹಿಂದಿನ ಗಾಲಿಯ ನಡುವಿನಿಂದ ಬರುವ ಟಿಕ್ಕು ಟಿಕ್ಕು ಸದ್ದನ್ನು ಕೇಳಿಯೇ ಇರುತ್ತೀರಿ. ಗಾಲಿ ಓಡುತ್ತಿದೆ, ಪೆಡಲ್ಲು ವಿಶ್ರಾಂತಿಯಲ್ಲಿದೆ ಎಂದು ತಿಳಿಸುವ ಸದ್ದು ಅದು. ಹೋದ ವಾರ ಆಳಂದದ ನಮ್ಮ ಓಣಿಯಲ್ಲಿ, ಎದುರುಮನೆಗೆ ಬಾಡಿಗೆಗೆ ಬಂದಿರುವ ಕಾಲೇಜಿನ ಮಾಸ್ತರರು ಒಂದು ತೆಳ್ಳನೆಯ ಸೈಕಲ್ಲನ್ನು ನಡೆಸಿಕೊಂಡು ಬಂದರು. ಸದ್ದೇ ಇಲ್ಲ. ಆದರೆ ಅದರ ಪೆಡಲ್ಲುಗಳು, ಮೇಲೆ ಯಾರ ಕಾಲೂ ಇಲ್ಲದೆ, ಗಾಲಿಯ ಜೊತೆ ತಾವೂ ಸುತ್ತುತ್ತಿದ್ದವು. ನಾನು ಕಟ್ಟೆಯಿಂದ ಎದ್ದು ನಿಂತೆ. ನನ್ನ ವಯಸ್ಸಿನವರು ಕಟ್ಟೆಯಿಂದ ಏಳುವುದು ಸಣ್ಣ ಸಂಗತಿಯಲ್ಲ.

"ಇದಕ್ಕ ಫ್ರೀವ್ಹೀಲ್ ಇಲ್ಲರಿ ಅಜ್ಜಾರ," ಎಂದು ಮಾಸ್ತರರು ತಾವಾಗಿಯೇ ವಿವರಿಸಿದರು. "ಹೊಸಾ ಪದ್ಧತಿ. ದೊಡ್ಡ ಊರಾಗ ಈಗೀಗ ಬಂದದ."

"ಆಳಂದಕ್ಕ ಬಂದು ಭಾಳ ವರ್ಷ ಆತ್ರಿ," ಎಂದೆ.

ಅವರು ನಕ್ಕರು. ಮುದುಕರು ಏನಾದರೂ ಅಂದಾಗ ಸಭ್ಯರು ನಗುವ ಅಳತೆಯ ನಗು. ಆ ನಗುವಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಿಮಗೂ ಬಿಡುವಿದ್ದರೆ ಜೊತೆಗೆ ಬನ್ನಿ. ದಾರಿ ಸ್ವಲ್ಪ ಉದ್ದ, ತಗ್ಗುದಿಣ್ಣೆಯೂ ಇದೆ.

ಮೊದಲು ನನ್ನ ಸ್ವಭಾವವನ್ನು ಹೇಳಿಬಿಡಬೇಕು. ಯಾರೋ ಹೇಳಿದರು ಎಂಬ ಕಾರಣಕ್ಕೆ ಯಾವುದನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ನಮ್ಮ ಕಾಲದ ಶಾಲೆ ಉರ್ದುವಿನಲ್ಲಿ ನಡೆಯುತ್ತಿತ್ತು; ಅಪ್ಪ ತೀರಿಕೊಂಡ ಮೇಲೆ ಅದೂ ನಿಂತಿತು. ಕನ್ನಡವನ್ನು ಕಿರಾಣಿ ಅಂಗಡಿಯ ಪೊಟ್ಟಣದ ಕಾಗದಗಳಿಂದ ಕಲಿತೆ. ಇಂಗ್ಲಿಷ್ ಅಕ್ಷರಗಳನ್ನು ಸೈಕಲ್ಲಿನ ಬಿಡಿಭಾಗಗಳು ಬರುತ್ತಿದ್ದ ರಟ್ಟಿನ ಡಬ್ಬಿಗಳಿಂದ ಕಲಿತೆ. ಹೀಗಾಗಿ ಬಹಳ ದಿನ ನನಗೆ ಆ ಭಾಷೆಯಲ್ಲಿ ಕ್ರಿಯಾಪದವೇ ಇಲ್ಲವೆಂಬ ಭಾವನೆಯಿತ್ತು. ಪೊಟ್ಟಣದ ಕಾಗದದಲ್ಲಿ ಕಲಿತವನಿಗೆ ಒಂದು ಲಾಭವಿದೆ. ಕಥೆ ಅರ್ಧಕ್ಕೇ ಹರಿದಿರುತ್ತದೆ. ಉಳಿದರ್ಧ ಹೇಗಿರಬಹುದೆಂದು ತಾನೇ ಯೋಚಿಸಬೇಕಾಗುತ್ತದೆ.

ನಾನು ಹೇಳುತ್ತಿರುವುದು ದೇಶ ಸ್ವತಂತ್ರವಾದ ಮರುವರ್ಷದ ಬೇಸಿಗೆಯ ಮಾತು. ದೇಶ ಸ್ವತಂತ್ರವಾಗಿತ್ತು, ನಾವು ಆಗಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳೆಲ್ಲ ಇನ್ನೂ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಗಡಿಯಾಚೆಯ ಸೊಲ್ಲಾಪುರದಿಂದ ಸಾಮಾನು ಬರುವುದು ನಿಂತುಹೋಗಿತ್ತು. ಪೆಟ್ರೋಲಿಲ್ಲದೆ ಮೋಟಾರುಗಳು ನಿಂತವು. ಊರೂರಿನ ಬಾಯಿಗೆ ಸಂಸ್ಥಾನದವರ ತಪಾಸಣೆಯ ನಾಕಾಗಳಾದವು. ಆ ವರ್ಷದ ಬಗ್ಗೆ ಈಗ ಬರೆಯುವವರು, ಜನರೆಲ್ಲ ಬಾಗಿಲು ಹಾಕಿಕೊಂಡು ನಡುಗುತ್ತ ಕುಳಿತಿದ್ದರೆಂದು ಬರೆಯುತ್ತಾರೆ. ನಡುಗಿದ್ದನ್ನು ಒಪ್ಪುತ್ತೇನೆ, ನಾನೂ ನಡುಗಿದ್ದೇನೆ. ಬಾಗಿಲು ಹಾಕಿಕೊಂಡೇ ಕುಳಿತಿದ್ದೆವೆಂಬುದನ್ನು ಒಪ್ಪಲಾರೆ. ಹಾಗೆ ಕುಳಿತಿದ್ದರೆ ಆ ವರ್ಷ ಜೋಳದ ರಾಶಿ ಮಾಡಿದವರು ಯಾರು? ಹೆದರಿಕೆಯ ನಡುವೆಯೇ ಎಮ್ಮೆಗಳು ಹಾಲು ಕೊಟ್ಟವು, ಲಗ್ನಗಳಾದವು, ಹೆಣ್ಣುಮಕ್ಕಳು ಬಸುರಾದರು.

ನನ್ನ ಅಕ್ಕ ನೀಲಮ್ಮ ಬಸುರಾಗಿದ್ದಳು. ಚೊಚ್ಚಲು. ಅವಳನ್ನು ಕೊಟ್ಟದ್ದು ದೂರದ ಯಡ್ರಾಮಿಗೆ, ಜೇವರ್ಗಿಯಿಂದಲೂ ಆಚೆಗೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬುಸದ ಅರಿವೆ, ಮಾದಲಿ ಎಂಬ ಸಿಹಿಪುಡಿಯ ಗಂಟು ಹೊತ್ತುಕೊಂಡು ಹೋಗಿ ಉಡಿ ತುಂಬುತ್ತಾರೆ. ಈ ಇಡೀ ಕಾರ್ಯಕ್ಕೇ ಕುಬುಸವೆಂದು ಹೆಸರು. ಅದಾದ ಮೇಲೆ ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಬರುತ್ತಾರೆ. ಜೇವರ್ಗಿ ಕಡೆಯಿಂದ ನಡೆದು ಬಂದ ಬಳೆಗಾರನೊಬ್ಬ ಅಕ್ಕನ ಅತ್ತೆ ಆಡಿದ ಮಾತನ್ನು ಅವ್ವನಿಗೆ ಮುಟ್ಟಿಸಿದ: ಆಳಂದದವರು ಗಡಿ ದಾಟಿ ಓಡಿಹೋಗಿರಬೇಕು, ಕುಬುಸ ತರುವವರು ಯಾರೂ ಉಳಿದಿಲ್ಲ, ಇನ್ನು ತವರು ಎಂದು ಬಾಯಿ ತೆರೆಯದೆ ಆಕೆ ನಮ್ಮಲ್ಲಿಯೇ ಹೆರಲಿ. ಇದು ಬರೀ ಚುಚ್ಚುಮಾತಲ್ಲ. ತವರು ಸತ್ತಿತೆಂದು ಅತ್ತೆಮನೆ ಒಮ್ಮೆ ತೀರ್ಮಾನಿಸಿದರೆ, ಆ ಮನೆಯಲ್ಲಿ ಸೊಸೆಯ ಮಾತಿಗೆ ಉಳಿಯುವ ತೂಕವೆಷ್ಟೆಂಬುದು ಅವ್ವನಿಗೆ ಗೊತ್ತಿತ್ತು. ಅಮಾವಾಸ್ಯೆಯೊಳಗೆ ಕುಬುಸ ಮುಟ್ಟಬೇಕಾಗಿತ್ತು. ಎತ್ತುಗಾಡಿ ಹೊರಡಿಸಿದರೆ ಎತ್ತುಗಳನ್ನು ನಾಕಾದಲ್ಲೇ ಬಿಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿದ್ದದ್ದು ನಾನು, ಮತ್ತು ಕೆಟ್ಟು ನಿಂತ ಒಂದು ಸೈಕಲ್ಲು.

ಸೈಕಲ್ಲಿಗೆ ಬಂದಿದ್ದ ರೋಗ ಫ್ರೀವ್ಹೀಲಿನದು, ಪೆಡಲ್ಲು ನಿಂತರೂ ಗಾಲಿಯನ್ನು ಓಡಲು ಬಿಡುವ ಹಿಂದಿನ ಹಲ್ಲುಚಕ್ರದ್ದು. ಒಳಗಿನ ಹಿಡಿಕೆಗಳು ಸವೆದು, ಎಷ್ಟು ತುಳಿದರೂ ಹಲ್ಲುಚಕ್ರ ತಾನೊಂದೇ ತಿರುಗುತ್ತಿತ್ತು, ಗಾಲಿ ಅಲುಗುತ್ತಿರಲಿಲ್ಲ. ಹೊಸದು ಸೊಲ್ಲಾಪುರದಿಂದ ಬರಬೇಕು, ಸೊಲ್ಲಾಪುರ ಆಗ ಲಂಡನ್ನಿನಷ್ಟು ದೂರವಾಗಿತ್ತು. ಸೈಕಲ್ ಅಂಗಡಿಯ ಇಮಾಮಸಾಬ ಚಾಚಾ ಕೈಚೆಲ್ಲಿ ಕುಳಿತಿದ್ದ. ಮಾರಲು ಸಾಮಾನಿಲ್ಲದೆ ಅವನ ಅಂಗಡಿಯಲ್ಲಿ ಆಗ ನಡೆಯುತ್ತಿದ್ದದ್ದು ಹರಟೆ ಮಾತ್ರ. ನಾನು ಅವನಿಗೆ ನನ್ನ ಯೋಚನೆ ಹೇಳಿದೆ: ಸವೆದ ಫ್ರೀವ್ಹೀಲನ್ನು ಬಿಸಾಡುವುದು ಬೇಡ, ಗಾಲಿಯ ಜೊತೆಗೇ ತಿರುಗುವಂತೆ ಅದರ ಒಳಗನ್ನು ಬೆಸೆದುಬಿಡೋಣ.

"ಹಂಗ ಮಾಡಿದ್ರ ಗಾಲಿ ತಿರುಗಿದಷ್ಟೂ ಕಾಲು ತಿರುಗಬೇಕಲೇ ತಮ್ಮಾ," ಎಂದ ಚಾಚಾ. "ಅದು ಸೈಕಲ್ಲಲ್ಲ, ಗಾಣ."

"ಗಾಣ ನಿಂತಲ್ಲೇ ತಿರಗತದ ಚಾಚಾ. ಇದು ಯಡ್ರಾಮಿಗೆ ಹೋಗತದ."

"ಎತ್ತಿನ ಬದಲಿ ನೀ."

"ನಾಕಾದಾಗ ನನ್ನನ್ನ ಯಾರೂ ಬಿಚ್ಚಿಕೊಳ್ಳಂಗಿಲ್ಲಲ್ಲ."

ಅವನಿಗೆ ಈ ಉತ್ತರ ಎಷ್ಟು ಹಿಡಿಸಿತೆಂದರೆ ತಿದಿಯನ್ನು ತಾನೇ ಹೊರತೆಗೆದ. ಬೆಸುಗೆಗೆ ಹಿತ್ತಾಳೆ ಬೇಕಾಗಿತ್ತು. ಅವ್ವನ ತೂತುಬಿದ್ದ ತಂಬಿಗೆಯನ್ನು ಬೇಡಿದೆ. ಅದು ತನ್ನ ತವರಿನದೆಂದು ಅವಳು ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಕೊನೆಗೆ, "ನನ್ನ ತವರು ಕರಗಿ ಆಕಿ ತವರು ಉಳಿಯೂದಾದ್ರ ಒಯ್ಯಿ," ಎಂದು ಕೊಟ್ಟಳು. ಬಿಳಿಗಾರ ಹಾಕಿ ಕರಗಿಸಿದ ಹಿತ್ತಾಳೆ ಸವೆದ ಸಂದುಗಳಲ್ಲಿ ಇಳಿದು ಗಟ್ಟಿಯಾಯಿತು. ನಾವು ಗೆದ್ದೆವೆಂದುಕೊಂಡೆವು. ಓಣಿಯ ತುದಿಯಲ್ಲಿ ಗಾಲಿಯನ್ನು ನಿಲ್ಲಿಸಲೆಂದು ಪೆಡಲ್ಲನ್ನು ಎದುರೊತ್ತಿದಾಗ ಇಡೀ ಹಲ್ಲುಚಕ್ರ ತಿರುಪು ಬಿಚ್ಚಿಕೊಂಡು ಹೊರಬಂದಿತು. ನಾನು ಗಚ್ಚಿನ ಕಟ್ಟೆಗೆ ಹೋಗಿ ಹೊಡೆದೆ. ಮುಂದಕ್ಕೆ ತುಳಿದಾಗ ಬಿಗಿಯುವ ತಿರುಪು ಹಿಂದಕ್ಕೆ ಒತ್ತಿದಾಗ ಬಿಚ್ಚುತ್ತದೆಂಬ ಸಾಮಾನ್ಯ ಸಂಗತಿ ಇಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅಡ್ಡಕ್ಕೆ ರಂಧ್ರ ಕೊರೆದು ಉಕ್ಕಿನ ಮೊಳೆ ಬಡಿದೆವು. ಆ ಮೊಳೆಯ ಯೋಚನೆ ನನ್ನದು. ಚಾಚಾ ಬದುಕಿರುವ ತನಕ ತನ್ನದೆಂದು ಹೇಳುತ್ತಿದ್ದ; ಈಗ ವಾದಿಸಲು ಅವನಿಲ್ಲ, ಆದರೂ ಮೊಳೆ ನನ್ನದೇ.

ಟ್ಯೂಬು ಸಿಗಲಿಲ್ಲವಾಗಿ ಟಾಯರಿನೊಳಗೆ ಪುಂಡಿನಾರಿನ ಹಗ್ಗ ಹೊಸೆದು ತುಂಬಿದೆವು. ಬ್ರೇಕಿನ ರಬ್ಬರು ಇರಲಿಲ್ಲವಾಗಿ ಬ್ರೇಕನ್ನೇ ತೆಗೆದೆವು. ಯಂತ್ರದ ಎಣ್ಣೆಯ ಬದಲು ಔಡಲೆಣ್ಣೆಗೆ ದೀಪದ ಕಾಡಿಗೆ ಕಲಸಿ ಚೈನಿಗೆ ಬಳಿದೆವು. ಪರೀಕ್ಷೆಗೆಂದು ಜಿಡಗಾದ ಕಡೆ ಹೊರಟಾಗ ಇನ್ನೊಂದು ತೊಡಕು ಕಂಡಿತು. ನಮ್ಮ ಎರೆಭೂಮಿಯ ದಾರಿಗಳಲ್ಲಿ ಗಾಡಿಯ ಜಾಡುಗಳು ಮೊಣಕಾಲಿನಷ್ಟು ಆಳ. ಬೇರೆಯವರು ಜಾಡಿಗಿಳಿದರೆ ಪೆಡಲ್ಲುಗಳನ್ನು ಸಮನಾಗಿ ಹಿಡಿದು ಸುಮ್ಮನೆ ಜಾರಿಹೋಗಬಹುದು. ನನಗೆ ಆ ಸುಖವಿಲ್ಲ. ತಿರುಗುವ ಪೆಡಲ್ಲು ಜಾಡಿನ ಅಂಚಿಗೆ ಬಡಿದು ನನ್ನನ್ನು ಎತ್ತಿ ಒಗೆಯುತ್ತಿತ್ತು. ಪೆಡಲ್ಲು ಕಿತ್ತು, ಅದರರ್ಧ ಅಗಲದ ಜಾಲಿಕಟ್ಟಿಗೆಯ ತುಂಡುಗಳನ್ನು ಕೂಡಿಸಿ, ಜಾಡುಗಳ ನಡುವಿನ ದಿಬ್ಬದ ಮೇಲೇ ನಡೆಸುವುದನ್ನು ಕಲಿತೆ. ಹೀಗೆ ಗಾಳಿಯಿಲ್ಲದ, ಬ್ರೇಕಿಲ್ಲದ, ಬಿಡುವಿಲ್ಲದ ಒಂದು ವಾಹನ ಸಿದ್ಧವಾಯಿತು. ನಿಲ್ಲಿಸಬೇಕಾದರೆ ತೊಡೆಗಳಿಂದ ಗಾಲಿಯ ಜೊತೆ ಜಗಳವಾಡಬೇಕು. ಆದರೆ ಒಂದು ಗುಣ ಅದಕ್ಕಿತ್ತು, ಮತ್ತಾವ ಸೈಕಲ್ಲಿಗೂ ಇರಲಿಲ್ಲ: ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಅದು ಹಿಂದಕ್ಕೆ ನಡೆಯುತ್ತಿತ್ತು. ಅಂಗಡಿಯ ಮುಂದೆ ಅದನ್ನು ಹಿಂದೆ ಮುಂದೆ ನಡೆಸಿ ತೋರಿಸುವುದರಲ್ಲಿ ನನಗೆ ಬಹಳ ಹೆಮ್ಮೆ.

ಅವ್ವ ಗಂಟನ್ನು ಕಟ್ಟುತ್ತ ಎರಡು ಮಾತು ಹೇಳಿದಳು. "ನೆಲಕ್ಕ ಇಡಬ್ಯಾಡ. ಮತ್ತ ಹೊಂಟ ಕುಬಸಾ ಹಿಂದಕ್ಕ ತಿರುಗಬಾರದು. ಒಂದು ಹೆಜ್ಜಿನೂ."

"ತಿರುಗಿದ್ರ ಏನಾಗತದ?"

"ಹಂತಾ ಪ್ರಶ್ನಾ ಅಲ್ಲಿ ಕೇಳಬ್ಯಾಡ ಮಾರಾಯಾ. ನಿಮ್ಮಕ್ಕನ ಅತ್ತಿ ತಂಗಿಗಿ ಕುಬಸಾ ತರೂವಾಗ ಹಳ್ಳ ತುಂಬಿ ಬಂದು ತಿರುಗಿ ಹೋಗಿ, ಮರುದಿನ ಬಂದಿತ್ತು. ಅದನ್ನ ಉಡಿಸಲೇ ಇಲ್ಲ. ಆ ಮುದುಕಿ ಇಂಥಾದ್ರಾಗ ಕಬ್ಬಿಣದಂಥಾಕಿ."

ನನಗೆ ಇಂಥ ಕಟ್ಟುಗಳಲ್ಲಿ ಆಗಲೂ ನಂಬಿಕೆಯಿರಲಿಲ್ಲ. ಆದರೆ ನನ್ನ ನಂಬಿಕೆಯ ಪ್ರಶ್ನೆ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಕಲಬುರ್ಗಿಯ ನೇರ ದಾರಿಯಲ್ಲಿ ನಾಕಾಗಳು ಹೆಚ್ಚೆಂದು ಅಫಜಲಪುರದ ಸುತ್ತುದಾರಿ ಹಿಡಿದೆ. ಇಂಥ ಬೆಸೆದ ಗಾಲಿಯ ಸವಾರಿಯ ಬಗ್ಗೆ ಒಂದು ಮಾತು. ಕಾಲಿಗೆ ಬಿಡುವಿಲ್ಲದಿದ್ದರೆ ಬೇಗ ದಣಿವಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಅದನ್ನು ಹತ್ತಿರುವುದಿಲ್ಲ. ಏರಿನಲ್ಲಿ ಕಾಲು ಸೋತ ಕ್ಷಣಕ್ಕೆ ಗಾಲಿಯ ಓಟವೇ ಪೆಡಲ್ಲನ್ನು ಮೇಲೆತ್ತಿ ಕೊಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ತುಳಿಯುವವನು ತಾನೋ ಗಾಲಿಯೋ ತಿಳಿಯದು. ಕಷ್ಟವಿರುವುದು ಇಳಿಜಾರಿನಲ್ಲಿ, ಅಲ್ಲಿ ಕಾಲುಗಳು ಸವಾರನವಾಗಿ ಉಳಿಯುವುದಿಲ್ಲ. ಎರೆಹೊಲಗಳ ಬಿರುಕು, ಕೊಯ್ದ ಜೋಳದ ಕೂಳೆ, ಬಿಸಿಲು. ಆ ಇಡೀ ಬಯಲಿನಲ್ಲಿ ನಾನೊಬ್ಬನೇ ಸುತ್ತುವ ವಸ್ತು. ಇಪ್ಪತ್ತರ ವಯಸ್ಸಿಗೆ ಅದು ಸುಖವೆಂದೇ ಅನ್ನಿಸಿತು.

ಅತನೂರ ಹತ್ತಿರ ನಾಕಾ. ಈಟಿಯಂಥ ಭರ್ಚಿ ಹಿಡಿದ ನಾಲ್ಕಾರು ಜನ, ಅವರಲ್ಲಿ ಖಾಕಿ ತೊಟ್ಟ ಒಬ್ಬ ಜಮಾದಾರ. ಗಂಟಿನಲ್ಲಿ ಏನೆಂದು ಕೇಳಿದ.

"ಅಕ್ಕಗ ಕುಬಸಾರಿ."

ಭರ್ಚಿಯವನೊಬ್ಬ ನಮ್ಮ ಕಡೆಯ ಒಕ್ಕಲಿಗ ಆಳೇ. ಅವನು ಜಮಾದಾರನಿಗೆ, "ಬಸುರಿ ಸೀರಿರಿ ಸಾಹೇಬ, ಮುಟ್ಟಬ್ಯಾಡ್ರಿ," ಎಂದ. ಜಮಾದಾರ ಗಂಟನ್ನು ಮುಟ್ಟಲಿಲ್ಲ. "ಸೈಕಲ್ ಇಧರ್ ರಖ್," ಎಂದ. ನಾನು ಗಂಟನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ, ನೆಲಕ್ಕಿಡುವಂತಿಲ್ಲವಲ್ಲ. ಸೈಕಲ್ಲು ಹೋಯಿತೆಂದರೆ ಅಮಾವಾಸ್ಯೆಯೊಳಗೆ ಯಡ್ರಾಮಿ ಇಲ್ಲ, ಅಕ್ಕನಿಗೆ ತವರಿಲ್ಲ. ಜಮಾದಾರ ಅದನ್ನು ಹತ್ತಿದ. ಅಲ್ಲಿಂದ ಹಳ್ಳದ ಕಡೆಗೆ ಇಳಿಜಾರು. ಎರಡು ತುಳಿತ ತುಳಿದು, ಎಲ್ಲರೂ ಮಾಡುವಂತೆ, ಕಾಲು ನಿಲ್ಲಿಸಿ ಆರಾಮಾಗಿ ಕೂಡಲು ನೋಡಿದ. ಗಾಲಿ ಒಪ್ಪಲಿಲ್ಲ. ಜಾಲಿಕಟ್ಟಿಗೆ ಅವನ ಬೂಟನ್ನು ಮೇಲೆತ್ತಿ ಒಗೆಯಿತು. ಬ್ರೇಕಿಗೆ ಕೈ ಹಾಕಿದರೆ ಬ್ರೇಕಿರಲಿಲ್ಲ. ಅವನು ಬಾರಿಕಂಟಿಯ ಮುಳ್ಳಿನೊಳಗೆ ಹೋಗಿ ಕುಳಿತ.

ಮೊದಲು ನಕ್ಕವರು ಅವನ ಭರ್ಚಿಯವರೇ. "ಕುದರಿ ಒಗಿತೇನ್ರಿ ಸಾಹೇಬ?" ಎಂದ ಆ ಒಕ್ಕಲಿಗ. ಜಮಾದಾರ ಮುಳ್ಳು ಕೀಳುತ್ತ ಬಂದು ಸೈಕಲ್ಲನ್ನು ನನ್ನೆಡೆಗೆ ದೂಡಿ, "ಲೇ ಜಾ ಅಪ್ನಾ ಶೈತಾನ್," ಎಂದ. ತನ್ನವರ ಎದುರಿಗೆ ಇನ್ನೊಮ್ಮೆ ಹತ್ತುವ ಮನಸ್ಸು ಅವನಿಗಿರಲಿಲ್ಲ. ನಾನು ಗಂಟನ್ನು ಗಡಿಬಿಡಿಯಲ್ಲಿ ಕ್ಯಾರಿಯರ್ ಮೇಲೆ ಬಿಗಿದು, ಅವನ ಮನಸ್ಸು ಬದಲಾಗುವ ಮೊದಲೇ ಹೊರಟೆ.

ಆ ಗಡಿಬಿಡಿಯ ಫಲ ಅಫಜಲಪುರ ದಾಟಿ, ಭೀಮಾ ನದಿಯ ದಂಡೆಯ ಇಳಿಜಾರಿನಲ್ಲಿ ಕಂಡಿತು. ಗಂಟು ಸಡಿಲಾಗಿ ಹಸಿರು ಸೀರೆಯ ಸೆರಗು ಜಾರಿ ಚೈನಿಗೆ ಸಿಕ್ಕಿತು. ಬೇರೆ ಸೈಕಲ್ಲಾದರೆ ಕಾಲು ನಿಲ್ಲಿಸಿದೊಡನೆ ಚೈನೂ ನಿಲ್ಲುತ್ತಿತ್ತು. ಇದು ನಿಲ್ಲುವುದೆಲ್ಲಿ? ತೊಡೆಯಿಂದ ತಡೆದು ತಡೆದು ನಿಲ್ಲಿಸುವಷ್ಟರಲ್ಲಿ ಮೊಳದುದ್ದ ಸೆರಗು ಹಲ್ಲುಚಕ್ರದ ಬಾಯಿಯಲ್ಲಿತ್ತು. ಎಳೆದರೆ ಹರಿಯುತ್ತಿತ್ತು. ಬಿಡಿಸುವ ದಾರಿ ಒಂದೇ: ಬೇರೆ ಸೈಕಲ್ಲಿನಂತೆ ಪೆಡಲ್ಲೊಂದನ್ನೇ ಅಲ್ಲ, ಗಾಲಿಯನ್ನೇ ಹಿಂದಕ್ಕೆ ತಿರುಗಿಸುವುದು. ಇಳಿಜಾರಿನಲ್ಲಿ ಒಂದು ಕೈಯಿಂದ ಅದನ್ನು ಎತ್ತಿ ಹಿಡಿದು ತಿರುಗಿಸಲು ಆಗಲಿಲ್ಲ. ಸೈಕಲ್ಲನ್ನೇ ಹಿಂದಕ್ಕೆ ನಡೆಸಬೇಕಾಯಿತು. ಕುಬುಸ ಅದರ ಮೇಲೇ ಇತ್ತು; ಬಿಚ್ಚಿಕೊಳ್ಳುವಂತಿರಲಿಲ್ಲ, ಅದರ ಸೆರಗೇ ಚೈನಿನಲ್ಲಿ. ಇಂಥದನ್ನೆಲ್ಲ ನಂಬದ ನಾನು ಸುತ್ತಮುತ್ತ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿದೆ. ಬಳಿಕ ಹಿಂದಕ್ಕೆ ನಡೆದೆ. ಸೆರಗು ಹೋದ ದಾರಿಯಲ್ಲೇ ಹೊರಬಂತು, ಹರಿಯದೆ, ಆದರೆ ಕಾಡಿಗೆಯ ಹಲ್ಲುಗುರುತುಗಳೊಂದಿಗೆ. ಗಂಟನ್ನು ತಲೆಯ ಮೇಲೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ನದಿಯ ಗುಂಟ ಸ್ವಲ್ಪ ಕೆಳಗೆ ಹೋಗಿ, ಮೊಣಕಾಲು ನೀರಿನಲ್ಲಿ ದಾಟಿ ಜೇವರ್ಗಿ ಸೀಮೆ ಸೇರಿದೆ.

ಯಡ್ರಾಮಿಯ ಆ ಬಾಗಿಲಲ್ಲಿ ಅಕ್ಕ ನನ್ನನ್ನು ಕಂಡು ಅಳಲಿಲ್ಲ, ನಗಲೂ ಇಲ್ಲ; ಹಿಂದಕ್ಕೆ ತಿರುಗಿ, "ಅತ್ತಿ, ನಮ್ಮ ತವರಿನವರು ಬಂದಾರ," ಎಂದು ಮನೆಯೆಲ್ಲ ಕೇಳುವಂತೆ ಹೇಳಿದಳು. ಅತ್ತೆ ಬಂದರು. ಗಂಟು ಬಿಚ್ಚಿಸಿದರು. ಸೆರಗು ಹರವಿದರು. ಕಪ್ಪು ಕಲೆಗಳ ಮೇಲೆ ಬೆರಳಿಟ್ಟರು.

"ಇದೇನಪಾ? ಕಲಿ ಬಿದ್ದ ಸೀರಿ ಉಡಸ್ತಾರೇನು ನಿಮ್ಮ ಕಡಿ?"

"ಕಲಿ ಅಲ್ಲರಿ ಅತ್ತಿ," ಎಂದು ನಾನು ಉತ್ಸಾಹದಿಂದಲೇ ಆರಂಭಿಸಿದೆ. ನನ್ನ ಯಂತ್ರದ ಗುಣವನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭವೆಲ್ಲಿ? "ಚೈನಿಗೆ ಸಿಕ್ಕಿತ್ತು. ನಮ್ಮ ಸೈಕಲ್ಲಿನ ಗಾಲಿ ನೋಡ್ರಿ, ಹಿಂದಕ್ಕ..."

"ನಾಕಾದಾಗ ಕಸಗೊಳ್ಳಾಕ ಬಂದ್ರಂತ ಅತ್ತಿ," ಎಂದಳು ಅಕ್ಕ, ನನ್ನ ಮಾತನ್ನು ನಡುವಿಗೇ ಕಡಿದು. "ಅವರು ಆ ತುದಿ ಹಿಡದಾರ, ಇವ ಈ ತುದಿ. ಬಿಟ್ಟಿಲ್ಲ ನನ್ನ ತಮ್ಮ."

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಮೈತುಂಬ ಧೂಳು, ಮೊಣಕೈಯಲ್ಲಿ ಹಳೆಯ ಗಾಯ; ಎಲ್ಲವೂ ಅಕ್ಕನ ಮಾತಿಗೆ ಸಾಕ್ಷಿ ನುಡಿಯುವಂತಿದ್ದವು. ಅವರು ಆ ಸೆರಗನ್ನು ಎರಡೂ ಕಣ್ಣಿಗೊತ್ತಿಕೊಂಡರು. ಅಕ್ಕನಿಗೆ ಅದನ್ನೇ ಉಡಿಸಿದರು. ಮಳೆಗೆ ಮುಂಚೆ ಅವಳು ಆಳಂದಕ್ಕೆ ಬಂದು ನಮ್ಮ ಮನೆಯಲ್ಲೇ ಹೆತ್ತಳು. ಹುಟ್ಟಿದವನೇ ಶಿವಶರಣಪ್ಪ, ನನ್ನ ಅಳಿಯ.

ಈ ಶಿವಶರಣಪ್ಪ ತಾಯಿಯ ಮಾತನ್ನು ಬೆಳೆಸಿದ ರೀತಿ ನೋಡಬೇಕು. ಅವನು ಹೇಳುವಾಗ ಭರ್ಚಿಗಳು ಬಂದೂಕಾದವು, ಸೆರಗಿನ ಗುರುತುಗಳು ಗುಂಡು ಸುಟ್ಟ ತೂತುಗಳಾದವು, ನಾಕಾ ಅತನೂರಿನಿಂದ ಎದ್ದು ಭೀಮಾ ನದಿಯ ಸೇತುವೆಯ ಮೇಲೆ ಹೋಗಿ ನಿಂತಿತು. ಪ್ರತಿ ಸಲವೂ ನಾನು ತಿದ್ದಿದ್ದೇನೆ: ಚೈನು, ಕಾಡಿಗೆ, ಔಡಲೆಣ್ಣೆ. ಲಗ್ನದ ಪಂಕ್ತಿಗಳಲ್ಲಿ ತಿದ್ದಿದ್ದೇನೆ, ತೊಟ್ಟಿಲ ಕಾರ್ಯಗಳಲ್ಲಿ ತಿದ್ದಿದ್ದೇನೆ. ಅಕ್ಕ ತಮ್ಮನನ್ನು ಶೂರನನ್ನಾಗಿ ಮಾಡಲು ಒಂದು ಸುಳ್ಳು ಹೇಳಿದಳು, ಪ್ರೀತಿಯ ಸುಳ್ಳಾದರೂ ಸುಳ್ಳು ಸುಳ್ಳೇ ಎಂಬುದು ನನ್ನ ವಾದ. ಅವಳು ಪ್ರತಿ ಸಲವೂ ಎಲೆಅಡಿಕೆ ಜಗಿಯುತ್ತ ಕೂಡುತ್ತಿದ್ದಳು.

ಮಾಸ್ತರರ ಸೈಕಲ್ಲು ಕಂಡ ಮೇಲೆ ಮನಸ್ಸು ತಡೆಯದೆ ಯಡ್ರಾಮಿಗೆ ಹೋದೆ. ಈಗ ಬಸ್ಸಿನಲ್ಲಿ ಕುಳಿತರೆ ಸಾಕು. ಅಕ್ಕ ಮೊಮ್ಮಕ್ಕಳ ಮಕ್ಕಳ ನಡುವೆ, ಕಿವಿ ಚುರುಕಾಗಿ, ಮಾತು ಇನ್ನೂ ಚುರುಕಾಗಿ ಕುಳಿತಿದ್ದಳು. ನಾನು ಫ್ರೀವ್ಹೀಲಿಲ್ಲದ ಸೈಕಲ್ಲಿನ ಸುದ್ದಿ ಹೇಳಿ, ಹಳೆಯ ವಾದವನ್ನು ಮತ್ತೆ ಎತ್ತಿದೆ.

"ಚೈನಂತ ನನಗ ಗೊತ್ತಿರಲಿಲ್ಲೇನಲೇ?" ಎಂದಳು. "ಸೀರಿಗೆಲ್ಲಾ ಔಡಲೆಣ್ಣಿ ನಾತ."

"ಗೊತ್ತಿದ್ದೂ ಸುಳ್ಳು ಹೇಳಿದಿ."

"ಕಲಿ ಸಲುವಾಗಿ ಹೇಳಿಲ್ಲೋ. ಕಲಿ ಏನು, ಒಗದ್ರ ಹೋಗತಿತ್ತು. ನೀ ಏನ್ ಅನ್ನಾಕತ್ತಿದ್ದಿ ಆವಾಗ? ಹಿಂದಕ್ಕ ಅಂದಿ. ಇನ್ನೊಂದು ಮಾತು ಆಡಿದ್ರ, ಗಾಲಿ ಹಿಂದಕ್ಕ ತಿರುವಿದ್ನಿ ಅಂತಿದ್ದಿ. ಕುಬಸಾ ಹಿಂದಕ್ಕ ಹೋಗಿ ಬಂದದ ಅಂತ ಆಕಿ ಕಿವೀಲೆ ಕೇಳಿದ್ರ, ಅದನ್ನ ಮುಟ್ಟತಿದ್ಲೇನು? ನನ್ನ ಕಳಸತಿದ್ಲೇನು?" ಮತ್ತೆ, "ನಿನಗ ಬಾಯಿ ಕಟ್ಟಾಕ ಬರ್ತಿರಲಿಲ್ಲ. ಅದಕ್ಕ ನಾ ಕಟ್ಟಿದ್ನಿ," ಎಂದಳು.

ಊರಿನವರು ಹೇಳಿದ್ದು, ಪುಸ್ತಕದವರು ಬರೆದದ್ದು, ಅಳಿಯ ಬೆಳೆಸಿದ್ದು, ಎಲ್ಲವನ್ನೂ ಸಂಶಯದಿಂದ ತಿರುಗಿಸಿ ನೋಡಿದವನು ನಾನು. ನಾನೇ ಎದುರಿಗೆ ನಿಂತು ಕೇಳಿದ ಮಾತಿನ ಕಾರಣವನ್ನು ಮಾತ್ರ, ನನ್ನ ಊಹೆಯೆಂಬ ಒಂದೇ ಆಧಾರದ ಮೇಲೆ ಇಷ್ಟು ವರ್ಷ ಒಪ್ಪಿಕೊಂಡಿದ್ದೆ. ಚೈನಿನ ವಿಷಯದಲ್ಲಿ ನಾನು ಹೇಳಿದ್ದು ಈಗಲೂ ಸರಿ. ಅದು ಇಡೀ ಸಂಗತಿಯಲ್ಲ, ಅಷ್ಟೆ.

ಆ ಸಂಜೆ ಮನೆಗೆ ಬೀಗರು ಬಂದರು. ಶಿವಶರಣಪ್ಪ ಅವರಿಗೆ ಚಹಾ ಕೊಟ್ಟು, ನನ್ನನ್ನು ತೋರಿಸಿ, ಕಥೆ ಶುರು ಮಾಡಿದ. ಬಂದೂಕುಗಳು ಬಂದವು. ಸೇತುವೆ ಬಂತು.

"ಆವಾಗ ಭೀಮಾಕ್ಕ ಅಲ್ಲಿ ಸೇತುವೆ ಇರಲಿಲ್ಲ," ಎಂದೆ. "ನಾ ನೀರಾಗ ಹಾದು ಬಂದೇನಿ. ಬಂದೂಕೂ ಇರಲಿಲ್ಲ, ಭರ್ಚಿ."

"ಆತ್ರಿ ಮಾಮಾ, ನೀರಾಗ, ಭರ್ಚಿ," ಎಂದು ಅವನು ಒಪ್ಪಿ, ಮುಂದೆ ಬರಲಿದ್ದ ತಿದ್ದುಪಡಿಗಾಗಿ ಕಾಯುತ್ತ ನನ್ನ ಮುಖ ನೋಡಿದ. ನಾನು ಚಹಾ ಕುಡಿದೆ.

"ಮತ್ತ ಸೀರಿದು?" ಎಂದು ಕೊನೆಗೆ ಅವನೇ ಕೇಳಿದ.

"ಸೀರಿ ಮಾತು ನಿಮ್ಮವ್ವಂದು," ಎಂದೆ. "ಆಕಿನ್ನ ಕೇಳು."